ಇನ್ನೂರ ಹನ್ನೆರಡನೆಯ ಪುಟ

“ಇಲ್ಲೊಂದು ಸಾಲು ಬರೆದುಕೊಡಿ ಮೇಡಂ,” ಎಂದು ಓಬಯ್ಯ ಕರಡಿನ ಇನ್ನೂರ ಹನ್ನೆರಡನೆಯ ಪುಟವನ್ನು ಮಧುಶ್ರೀಯವರ ಮುಂದಿಟ್ಟ. “ಅಧ್ಯಾಯ ಮುಗಿಯೋ ಪುಟ. ಕೆಳಗೆ ಎಂಟು ಸಾಲಿನ ಜಾಗ ಖಾಲಿ ಇದೆ. ಏನು ಸೇರಿಸಿದ್ರೂ ಮುಂದಿನ ಪುಟ ಅಲ್ಲಾಡಲ್ಲ.”

ಕಾದಂಬರಿಗಾರ್ತಿ ಕನ್ನಡಕ ಏರಿಸಿಕೊಂಡು ಪುಟವನ್ನು ನೋಡಿದರು, ಆಮೇಲೆ ಅವನನ್ನು ನೋಡಿದರು. ಶಿವಮೊಗ್ಗದ ಪ್ರೆಸ್ಸೊಂದರಲ್ಲಿ ಹದಿನಾಲ್ಕು ವರ್ಷದಿಂದ ಕರಡು ತಿದ್ದುತ್ತಿದ್ದ ಮನುಷ್ಯ. ವಿದ್ಯಾನಗರದ ಈ ಮನೆಗೆ ಎಷ್ಟೋ ಸಲ ಬಂದಿದ್ದ. ತಿದ್ದಿದ ಹಾಳೆ ತೋರಿಸಿ, ಸಹಿ ಹಾಕಿಸಿಕೊಂಡು, ಕೊಟ್ಟ ಕಾಫಿ ಕುಡಿದು ಹೋಗುತ್ತಿದ್ದ. ಬಾಯಿ ಬಿಟ್ಟಿದ್ದು ಇದೇ ಮೊದಲು.

ಬಾಯಿ ಬಿಡಿಸಿದ್ದು ಹಿಂದಿನ ವಾರದ ಟೀವಿ ಸಂದರ್ಶನ. ಅದರಲ್ಲಿ ಮಧುಶ್ರೀಯವರು ತಮ್ಮ ಹೆಸರಾಂತ ಕಾದಂಬರಿಯ ಡಾಕ್ಟರ್ ಪರಮೇಶನ ಗುಟ್ಟು ಹೇಳಿದ್ದರು. ಅವನು ಕೊನೆಯವರೆಗೂ ಮದುವೆಯಾಗಲಿಲ್ಲವೇಕೆ ಎಂದು ಹದಿನೆಂಟು ವರ್ಷದಿಂದ ಓದುಗರು ಕೇಳುತ್ತಲೇ ಇದ್ದರಲ್ಲ, ಕಾರಣ ಇಷ್ಟೇ: ಅವನ ಮನಸ್ಸು ಗೆಳೆಯ ಸದಾನಂದ ಮೇಷ್ಟರ ಮೇಲಿತ್ತು. “ಬರೆಯುವಾಗಲೇ ನನಗೆ ಗೊತ್ತಿತ್ತು,” ಎಂದು ನಕ್ಕಿದ್ದರು. ಇಂಥ ಸಂಬಂಧ ಅಪರಾಧವಲ್ಲವೆಂದು ದೆಹಲಿಯ ಕೋರ್ಟು ತೀರ್ಪು ಕೊಟ್ಟು ಇನ್ನೂ ತಿಂಗಳಾಗಿರಲಿಲ್ಲ. ಮಾರನೆಯ ದಿನ ಪತ್ರಿಕೆಗಳು ಲೇಖಕಿಯ ಎದೆಗಾರಿಕೆಯನ್ನು ಹೊಗಳಿದ್ದೇ ಹೊಗಳಿದ್ದು.

ಎದೆಗಾರಿಕೆಯಂತೆ! ಓಬಯ್ಯನಿಗೆ ಮೈಯೆಲ್ಲ ಉರಿದುಹೋಯಿತು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದವರಿಗೂ ಹಾರ ಹಾಕುವ ಕಾಲ ಬಂತಲ್ಲ ಎಂದುಕೊಂಡ. ಆ ಕಾದಂಬರಿಯ ಮೂರು ಮುದ್ರಣಗಳ ಕರಡನ್ನು ತಿದ್ದಿದವನೇ ಅವನು; ಈಗ ತಂದಿದ್ದದ್ದು ಹೊಸ ಮುದ್ರಣದ್ದು. ಡಾಕ್ಟರ್ ಪರಮೇಶ ಎಷ್ಟು ಸಲ ಸೀನಿದ ಎಂದು ಕೇಳಿದರೂ ಹೇಳಬಲ್ಲ. ಟೀವಿಯಲ್ಲಿ ಅಷ್ಟು ಸಲೀಸಾಗಿ ಹೇಳಿದ ಮಾತು ಮಾತ್ರ ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ. ಇನ್ನೂರ ಹನ್ನೆರಡನೆಯ ಪುಟದಲ್ಲಿ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಊಟ ಮಾಡುತ್ತಾರೆ, ಮೇಷ್ಟರು ಛತ್ರಿ ಹಿಡಿದು ಎದ್ದುಹೋಗುತ್ತಾರೆ. ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ.

ಆ ಕಾದಂಬರಿ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದಾಗ ಓಬಯ್ಯನಿಗೆ ಇಪ್ಪತ್ತು. ಭದ್ರಾವತಿಯ ಕಟಿಂಗ್ ಶಾಪಿನಲ್ಲಿ ಕೂತು ವಾರ ವಾರವೂ ಓದುತ್ತಿದ್ದ. ಈ ವಾರವಾದರೂ ಒಂದು ಮಾತು ಬಂದೀತು ಎಂದು ಕಾಯುತ್ತಿದ್ದ. ಬರಲಿಲ್ಲ. ತನ್ನಂಥವನು ಲೋಕಕ್ಕೆಲ್ಲ ತಾನೊಬ್ಬನೇ, ಇದು ಕಾಯಿಲೆಯೇ ಇರಬೇಕು ಎಂದು ತಿಳಿದು, ಯಾರಿಗೂ ಹೇಳದೆ ದಾವಣಗೆರೆಯ ವೈದ್ಯನೊಬ್ಬನ ಗುಳಿಗೆಗಳನ್ನು ಆರು ತಿಂಗಳು ನುಂಗಿದ. ಆ ಕಹಿಯನ್ನು ಅವನು ಇನ್ನೂ ಮರೆತಿಲ್ಲ.

“ಇದೆಲ್ಲ ಬಿಡಿಸಿ ಹೇಳೋ ವಿಷಯ ಅಲ್ಲಪ್ಪ,” ಎಂದರು ಮಧುಶ್ರೀ. “ಸೂಕ್ಷ್ಮವಾಗಿ ಓದೋರಿಗೆ ಗೊತ್ತಾಗುತ್ತೆ.”

“ನನಗಿಂತ ಸೂಕ್ಷ್ಮವಾಗಿ ಯಾರು ಓದ್ತಾರೆ ಮೇಡಂ? ಅದೇ ನನ್ ಕೆಲ್ಸ. ಒಂದು ಅಲ್ಪವಿರಾಮನೂ ಬಿಟ್ಟಿಲ್ಲ. ಎಲ್ಲೂ ಇಲ್ಲ.”

“ಕಾಲೇಜಿಗೆ ಪಠ್ಯ ಆಗಿದೆ ಕಣಯ್ಯ. ಮನೆಮಂದಿಯೆಲ್ಲ ಓದೋ ಪುಸ್ತಕ.”

“ಟೀವಿನೂ ಮನೆಮಂದಿಯೆಲ್ಲ ಕೂತೇ ನೋಡೋದು. ಅಲ್ಲಿ ಹೇಳಿದ್ರಲ್ಲ. ಟೀವಿ ಮಾತು ನಾಳೆಗೆ ಮರ್ತುಹೋಗುತ್ತೆ, ಪುಸ್ತಕ ಉಳಿಯುತ್ತೆ. ಅವ್ನಿಗೆ ಮೇಷ್ಟ್ರು ಅಂದ್ರೆ ಜೀವ ಆಗಿತ್ತು ಅಂತ ಒಂದೇ ಒಂದು ಸಾಲು ಹಾಕಿ. ಅದಕ್ಕೋಸ್ಕರ ಹುಡುಕ್ತಾ ಕೂತಿರೋರು ಈಗ್ಲೂ ಇದ್ದಾರೆ.”

ಮಧುಶ್ರೀ ಪೆನ್ನು ತೆಗೆದುಕೊಂಡರು. ಖಾಲಿ ಜಾಗದ ಮೇಲೆ ಅದು ಒಂದು ಗಳಿಗೆ ನಿಂತಿತು. ಪೆನ್ನು ಹಾಗೇ ಕೆಳಗಿಳಿದು ಪುಟದ ಮೂಲೆಗೆ ಹೋಯಿತು. ‘ಇದ್ದಂತೆಯೇ ಮುದ್ರಿಸಿ’ ಎಂದು ಬರೆದು, ಸಹಿ ಮಾಡಿ, ತಾರೀಖು ಹಾಕಿ ಹಾಳೆಯನ್ನು ಅವನ ಕಡೆ ಸರಿಸಿದರು.

ಅವನು ಹಾಳೆಗಳನ್ನು ಚೀಲಕ್ಕೆ ತುಂಬಿದ. ಬಾಗಿಲವರೆಗೆ ಬಂದ ಮಧುಶ್ರೀ, ಮಾತು ಬೇರೆ ಕಡೆ ತಿರುಗಿಸಲೆಂದು ಗೇಟಿನತ್ತ ನೋಡಿದರು. “ಸ್ಕೂಟರ್ ಹತ್ರ ನಿಂತಿರೋರು ಯಾರು? ಒಳಗೆ ಕರೀಬಾರ್ದಿತ್ತಾ?”

“ನಮ್ ದೊಡ್ಡಮ್ಮನ ಮಗ,” ಎಂದ ಓಬಯ್ಯ.

ಯೋಚಿಸಿ ಹೇಳಿದ್ದಲ್ಲ. ಮನೆ ಓನರಿಗೆ, ರೇಷನ್ ಅಂಗಡಿಯವನಿಗೆ, ಪ್ರೆಸ್ಸಿನವರಿಗೆ ಹನ್ನೆರಡು ವರ್ಷದಿಂದ ಹೇಳಿ ಹೇಳಿ ನಾಲಿಗೆಗೆ ಬಾಯಿಪಾಠವಾಗಿಬಿಟ್ಟಿತ್ತು. ಗೇಟು ದಾಟಿ ಬಂದ. ಭದ್ರಾವತಿಯ ವರ್ಕ್‌ಶಾಪೊಂದರಲ್ಲಿ ಲೇತ್ ನಡೆಸುವ ಧರ್ಮೇಂದ್ರ ಅವತ್ತು ವಾರದ ರಜೆಯೆಂದು ಇವನನ್ನು ಸ್ಕೂಟರಿನಲ್ಲಿ ಕರೆತಂದಿದ್ದ.

“ಏನಂದ್ರು ಮಾರಾಯ? ಬರೆದ್ರಾ?”

“ಇಲ್ಲ.”

“ಹೋಗ್ಲಿ ಬಿಡು. ಅವ್ರು ಬರೀದೇ ಇದ್ರೆ ನಾವೇನು ಸಾಯ್ತೀವಾ? ಹತ್ತು.”

ಓಬಯ್ಯ ಹತ್ತಲಿಲ್ಲ. ಇನ್ನೊಬ್ಬರಿಗೆ ಒಂದು ಸಾಲು ಬರೆಯಿರಿ ಎಂದು ದಬಾಯಿಸಿ ಬಂದವನಿಗೆ ತನ್ನ ಬಗ್ಗೆ ಒಂದು ನಿಜವಾದ ಮಾತು ಬಾಯಿಂದ ಹೊರಡಲಿಲ್ಲವಲ್ಲ. ಅಷ್ಟು ಹೊತ್ತು ಆಕೆಯ ಮೇಲಿದ್ದ ಸಿಟ್ಟೆಲ್ಲ ತನ್ನ ಮೇಲೇ ತಿರುಗಿತು. ಚೀಲವನ್ನು ಸ್ಕೂಟರಿನ ಮೇಲಿಟ್ಟು ಬಿರಬಿರನೆ ವಾಪಸು ನಡೆದ. ಮಧುಶ್ರೀ ಇನ್ನೂ ಬಾಗಿಲಲ್ಲೇ ಇದ್ದರು.

“ಮೇಡಂ, ಆಗ್ಲೇ ತಪ್ಪು ಹೇಳ್ದೆ. ಅವ್ನು ನಮ್ ದೊಡ್ಡಮ್ಮನ ಮಗ ಅಲ್ಲ. ಧರ್ಮೇಂದ್ರ ಅಂತ. ಹನ್ನೆರಡು ವರ್ಷದಿಂದ ನಾವಿಬ್ರೂ ಜೊತೇಲಿ ಸಂಸಾರ ಮಾಡ್ತಿದೀವಿ.”

ಮಧುಶ್ರೀಯವರ ಕಣ್ಣು ಪಕ್ಕದ ಕಾಂಪೌಂಡಿನ ಕಡೆ ಹೊರಳಿತು.

“ಸ್ವಲ್ಪ ಮೆಲ್ಲಗೆ ಮಾತಾಡಪ್ಪ,” ಎಂದರು. “ಅಕ್ಕಪಕ್ಕದೋರು ಇದ್ದಾರೆ.”

ದಾಸವಾಳ ಕೀಳುತ್ತಿದ್ದ ಪಕ್ಕದ ಮನೆಯಾಕೆಯ ಕೈ ಕೊಂಬೆಯ ಮೇಲೇ ನಿಂತಿತ್ತು. ಗೇಟಿನಾಚೆ, ಸ್ಕೂಟರಿನ ಕಿಕ್ಕರ್ ಮೇಲೆ ಕಾಲಿಟ್ಟಿದ್ದ ಧರ್ಮೇಂದ್ರ ಅದನ್ನು ಒದೆಯದೆ ಹಾಗೆಯೇ ನಿಂತಿದ್ದ.