ಎರಡನೇ ಗೇರು

ನಮ್ಮ ಮೋಟಾರ್ ಸೈಕಲ್ ಕಾರ್ಖಾನೆ ಗ್ರ್ಯಾನ್ ಪ್ರೀ ರೇಸಿಗೆ ಇಳಿಯಲು ತೀರ್ಮಾನಿಸಿದ ವರ್ಷವೇ ಸವಾರರನ್ನು ತಯಾರು ಮಾಡುವ ಶಾಲೆಯೊಂದನ್ನೂ ತೆರೆಯಿತು. ಹೆಸರು ಮಾಡಿದವರನ್ನು ಹೊರಗಿನಿಂದ ತರುವುದು ಬೇಡ, ನಮ್ಮವರನ್ನೇ ಬೆಳೆಸೋಣ ಎಂಬುದು ರೇಸ್ ವಿಭಾಗದ ಮ್ಯಾನೇಜರರ ಹಟ. ನಾನು ಆ ವಿಭಾಗದ ಹಿರಿಯ ಮೆಕ್ಯಾನಿಕ್. ನನ್ನ ಕೈ ತಾಗದೆ ಯಾವ ಎಂಜಿನ್ನೂ ಟ್ರ್ಯಾಕಿಗೆ ಹೋಗುತ್ತಿರಲಿಲ್ಲ. ಆ ಹೆಮ್ಮೆ ನನ್ನಲ್ಲಿ ತುಸು ಹೆಚ್ಚೇ ಇತ್ತು.

ಶಾಲೆಗೆ ಆಯ್ಕೆಯಾದ ಆರು ಜನರಲ್ಲಿ ಒಬ್ಬಳೇ ಹುಡುಗಿ, ಬಸ್ ಡ್ರೈವರೊಬ್ಬರ ಮಗಳು. ಗಾಳಿಯೂ ನುಸುಳದ ಸಂದಿಯಲ್ಲಿ ಬೈಕ್ ನುಗ್ಗಿಸುತ್ತಿದ್ದುದರಿಂದ ಎಲ್ಲರೂ ಅವಳನ್ನು ಸೂಜಿ ಎನ್ನುತ್ತಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಉಳಿದವರೆಲ್ಲ ಹಿಂದೆ ಬಿದ್ದು, ಗ್ರ್ಯಾನ್ ಪ್ರೀ ತಂಡದ ಒಂದೇ ಜಾಗಕ್ಕೆ ಇಬ್ಬರು ಉಳಿದರು: ಸೂಜಿ ಮತ್ತು ಒಬ್ಬ ಉದ್ದನೆಯ ಹುಡುಗ. ಮೂರು ದಿನದ ಪರೀಕ್ಷೆಯಲ್ಲಿ ಅದು ತೀರ್ಮಾನವಾಗಬೇಕಿತ್ತು.

ಮೊದಲ ದಿನ ಹತ್ತು ಸುತ್ತು ಹೊಡೆದು ಬಂದವಳು ಹೆಲ್ಮೆಟ್ ತೆಗೆಯುತ್ತಲೇ ಹೇಳಿದಳು: "ಮೂರನೇ ತಿರುವಲ್ಲಿ ಎರಡಕ್ಕೆ ಇಳಿಸಿದ್ರೆ ಗೇರ್ ಕಚ್ಚೋದಿಲ್ಲ. ಇದ್ದಕ್ಕಿದ್ದ ಹಾಗೆ ಬೈಕ್ ನ್ಯೂಟ್ರಲ್ ಆಗ್ಬಿಡುತ್ತೆ."

ಬೈಕ್ ತಣಿದ ಮೇಲೆ ಗೇರ್‌ಬಾಕ್ಸ್ ಬಿಚ್ಚಿ ನೋಡಿದೆ. ಎಲ್ಲ ಸರಿಯಾಗಿಯೇ ಕಂಡಿತು. ಎರಡನೇ ದಿನವೂ ಅವಳದು ಅದೇ ಮಾತು, ಮೂರನೇ ದಿನವೂ ಅದೇ. ಆ ತಿರುವಿಗೆ ಅವಳು ಬೇಗನೆ ಬ್ರೇಕ್ ಹಿಡಿಯುತ್ತಿದ್ದುದು ಬೈಕಿನ ವೇಗ ತೋರಿಸುವ ಕಂಪ್ಯೂಟರಿನ ಗೆರೆಗಳಲ್ಲಿ ಕಾಣುತ್ತಿತ್ತು. ಒಂದು ಸಂಗತಿ ಮಾತ್ರ ನನಗೊಬ್ಬನಿಗೇ ಗೊತ್ತಿತ್ತು. ಗೇರುಗಳನ್ನು ಸರಿಸುವ ಫೋರ್ಕ್ ಹೊಸದು ಬಂದಿರಲಿಲ್ಲವೆಂದು ಹಳೆಯದನ್ನೇ ಹಾಕಿದ್ದೆ. ಅಳತೆಯಲ್ಲಿ ಅದು ಕೂದಲೆಳೆಯಷ್ಟರಲ್ಲಿ ಪಾಸಾಗಿತ್ತು. ಅದನ್ನು ಹೇಳುವ ಬದಲು ಎಲ್ಲರೆದುರು, "ಕುಣಿಯಲಾರದವಳಿಗೆ ನೆಲ ಡೊಂಕಂತೆ" ಎಂದೆ. ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಸ್ವಲ್ಪ ತಡವಾಗಿ ಅವಳೂ ನಕ್ಕಳು.

ಪರೀಕ್ಷೆಯ ವರದಿಯ ಕೊನೆಯಲ್ಲಿ ಹಿರಿಯ ಮೆಕ್ಯಾನಿಕ್‌ನ ಅಭಿಪ್ರಾಯಕ್ಕೆ ಎರಡು ಸಾಲಿನ ಜಾಗವಿತ್ತು. "ಯಂತ್ರದಲ್ಲಿ ದೋಷವಿಲ್ಲ. ಸವಾರಳಿಗೆ ಭಯ ಹತ್ತಿದೆ" ಎಂದು ಬರೆದು ಸಹಿ ಹಾಕಿದೆ. ಉದ್ದನೆಯವನಿಗೆ ಜಾಗ ಸಿಕ್ಕಿತು. ಸೂಜಿಯನ್ನು ಮನೆಗೆ ಕಳಿಸಿದರು.

ಅವಳ ಬೈಕ್ ತಂಡದ ಹೆಚ್ಚುವರಿ ಬೈಕಾಯಿತು. ಎರಡು ತಿಂಗಳ ನಂತರ ಅಭ್ಯಾಸದಲ್ಲಿ ಅದನ್ನೇರಿದ ಉದ್ದನೆಯವನು ಎರಡನೇ ಗೇರಿಗೆ ಇಳಿಸುವಾಗ ಬಿದ್ದು ಭುಜದ ಮೂಳೆ ಮುರಿದುಕೊಂಡ. ಈ ಸಲ ತಣಿಯಲು ಬಿಡದೆ, ಬೆರಳು ಸುಟ್ಟುಕೊಂಡು ಬಿಚ್ಚಿದೆ. ತಣಿದಾಗ ನೇರವಾಗಿ ಕಂಡಿದ್ದ ಫೋರ್ಕ್ ಕಾವಿಗೆ ಬಾಗಿತ್ತು, ಎರಡನೇ ಗೇರಿನ ಹಲ್ಲುಗಳ ಅಂಚು ಸವೆದು ದುಂಡಗಾಗಿತ್ತು. ಹುಡುಗಿ ಹೇಳಿದ್ದು ಅಕ್ಷರಶಃ ನಿಜ.

ಅವತ್ತೇ ಬಾಯಿಬಿಡಬೇಕಿತ್ತು. ಹೊಸ ಫೋರ್ಕ್ ಹಾಕಿ, ದುರಸ್ತಿ ಪುಸ್ತಕದಲ್ಲಿ "ವಾಡಿಕೆಯ ಬದಲಾವಣೆ" ಎಂದು ಬರೆದು ಕೈತೊಳೆದುಕೊಂಡೆ.

ಹೀಗೆ ನಾಲ್ಕು ವರ್ಷ ಹೋಯಿತು. ತಂಡಕ್ಕೆ ಮೊದಲ ಅಂಕಗಳು ಬಂದವು, ನನಗೆ ಬಡ್ತಿ ಬಂತು. "ನಿಮ್ಮ ಕಿವಿಗೆ ಎಂಜಿನ್ನು ತಾನಾಗೇ ದೂರು ಹೇಳುತ್ತೆ" ಎಂದು ಯಾರಾದರೂ ಹೊಗಳಿದರೆ ಸ್ಪ್ಯಾನರ್ ಹುಡುಕುವ ನೆಪದಲ್ಲಿ ಬೆನ್ನು ತಿರುಗಿಸುತ್ತಿದ್ದೆ.

ಒಂದು ಮಧ್ಯಾಹ್ನ ಬಸ್ ಹತ್ತಿದೆ. ಡ್ರೈವರ್ ಸೂಜಿಯ ಅಪ್ಪ. ನನ್ನ ಗುರುತು ಹಿಡಿದು, ಕೊನೆಯ ನಿಲ್ದಾಣದಲ್ಲಿ ಇಳಿದು ಬಂದು ನನ್ನ ಕೈ ಹಿಡಿದುಕೊಂಡರು.

"ನಿಮ್ಮಿಂದ ದೊಡ್ಡ ಉಪಕಾರ ಆಯ್ತು. ಸರಿಯಾದ ಸಮಯಕ್ಕೆ ನಿಲ್ಲಿಸಿದ್ರಿ, ಇಲ್ಲದಿದ್ರೆ ಮಗಳು ಎಲ್ಲಾದ್ರೂ ಬಿದ್ದು ಹೋಗ್ತಿದ್ಲು. ಈಗ ಸ್ಕೂಟರ್ ಕೂಡ ಮುಟ್ಟಲ್ಲ. ದಿನಾ ನನ್ನ ಬಸ್ಸಲ್ಲೇ ಕೆಲಸಕ್ಕೆ ಹೋಗ್ತಾಳೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಕೃತಜ್ಞತೆಯನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಮಡಚುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟಳು.

"ನನ್ ಹತ್ರ ಹೇಳಿ ಏನು ಬಂತು? ಆ ಬೈಕು ನಾನು ಓಡಿಸ್ತಿದ್ನಾ?"

ಸೂಜಿ ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತಿದ್ದಳು. ನನ್ನನ್ನು ನೋಡಿ ಯಂತ್ರ ನಿಲ್ಲಿಸಿ, ಸ್ಟೂಲ್ ಕೊಟ್ಟಳು. ನಾನು ಕೂರಲಿಲ್ಲ. ಫೋರ್ಕಿನ ವಿಷಯ, ಬಿದ್ದ ಹುಡುಗನ ವಿಷಯ, ಪುಸ್ತಕದಲ್ಲಿ ಬರೆದ ಸುಳ್ಳು, ಎಲ್ಲವನ್ನೂ ನಿಂತೇ ಹೇಳಿದೆ.

ಅವಳು ಕೈಯಲ್ಲಿದ್ದ ಗಾಜನ್ನು ಒರೆಸುತ್ತಲೇ ಇದ್ದಳು. ಅದು ಆಗಲೇ ಶುಭ್ರವಾಗಿತ್ತು.

"ಎರಡನೇ ಗೇರೇ ಅಲ್ವಾ?"

"ಹೌದಮ್ಮ."

"ನಾಲ್ಕು ವರ್ಷದಿಂದ ಆ ಭಯ ನನ್ನೊಳಗೆ ಎಲ್ಲಿದೆ ಅಂತ ಹುಡುಕ್ತಾ ಇದ್ದೆ. ಕೊನೆಗೆ ಸಿಕ್ಕೇಬಿಡ್ತು. ರಸ್ತೆ ದಾಟೋಕೂ ಹೆದರ್ತೀನಿ ಈಗ."

ಕ್ಷಮಿಸು ಎಂದೆ. ಅವಳು ಒರೆಸಿದ ಗಾಜನ್ನು ಡಬ್ಬಿಯಲ್ಲಿಟ್ಟಳು. "ನನಗೆ ಹೇಳಿದ್ದನ್ನ ಅಲ್ಲೂ ಹೇಳಿ, ಬರವಣಿಗೇಲಿ" ಎಂದು ಯಂತ್ರ ಶುರು ಮಾಡಿದಳು.

ನನ್ನ ಪತ್ರ ಓದಿದ ಮ್ಯಾನೇಜರ್ ಬಾಗಿಲು ಹಾಕಿಕೊಂಡರು. "ಸತ್ತ ಹಾವನ್ನ ಯಾಕ್ರೀ ಹೊಡೀತೀರಿ?"

"ಅದು ಸತ್ತಿಲ್ಲ ಸಾರ್. ಹೋಗಿ ನೋಡ್ಕೊಂಡು ಬಂದೆ."

ವಿಚಾರಣೆ ನಡೆಯಿತು. ನನ್ನನ್ನು ರೇಸ್ ವಿಭಾಗದಿಂದ ತೆಗೆದು ಸ್ಕೂಟರ್ ಜೋಡಿಸುವ ಸಾಲಿಗೆ ಹಾಕಿದರು. ಉದ್ದನೆಯವನು ಆಮೇಲೆ ನನ್ನೊಡನೆ ಮಾತು ಬಿಟ್ಟ. ಎರಡೂ ನ್ಯಾಯವೇ. ಸೂಜಿಗೆ ಕಾರ್ಖಾನೆಯಿಂದ ತಪ್ಪೊಪ್ಪಿಗೆಯ ಪತ್ರ ಹೋಯಿತು. ತಂಡಕ್ಕೆ ಸೇರುವ ವಯಸ್ಸು ಅವಳಿಗೆ ದಾಟಿದ್ದರಿಂದ, ಶಾಲೆಯಲ್ಲಿ ತರಬೇತುದಾರಳಾಗಿ ಬರುವಂತೆ ಕರೆದರು. ಮೂರು ವಾರದ ಮೇಲೆ ಒಂದು ಷರತ್ತಿನೊಂದಿಗೆ ಒಪ್ಪಿದಳು: ಸವಾರರ ಮನಸ್ಸಿನ ಬಗ್ಗೆ ಮೆಕ್ಯಾನಿಕ್‌ಗಳು ಏನನ್ನೂ ಬರೆಯಕೂಡದು.

ಅವಳು ಮತ್ತೆ ಬೈಕ್ ಹತ್ತಿದ ದಿನ ನಾನು ಸ್ಕೂಟರ್ ಶೆಡ್ಡಿನ ಬೇಲಿಯ ಬಳಿ ನಿಂತು ನೋಡಿದೆ. ನೇರ ದಾರಿಯಲ್ಲಿ ಬಾಣದಂತೆ ಬಂದವಳು ಮೂರನೇ ತಿರುವಿಗೆ ತುಂಬಾ ಮೊದಲೇ ಬ್ರೇಕ್ ಹಿಡಿದಳು. ಆ ಗೇರ್‌ಬಾಕ್ಸ್ ಹೊಚ್ಚಹೊಸದು. ನಾನು ಬರೆದಾಗ ಸುಳ್ಳಾಗಿದ್ದ ಮಾತು ಈಗ ನಿಜವಾಗಿತ್ತು, ಅದನ್ನು ಬಿಚ್ಚಿ ಸರಿಪಡಿಸುವ ಹತಾರ ನನ್ನ ಬಳಿ ಇರಲಿಲ್ಲ.

ಮೊನ್ನೆ ಕ್ಯಾಂಟೀನಿನ ಸಾಲಿನಲ್ಲಿ ಅವಳು ನನ್ನ ಮುಂದೆಯೇ ನಿಂತಿದ್ದಳು. ಕೇಳಲೋ ಬೇಡವೋ ಎಂದುಕೊಳ್ಳುತ್ತಲೇ, "ಮೂರನೇ ತಿರುವು ಹೇಗಿದೆ?" ಎಂದೆ.

"ಬ್ರೇಕ್ ಹಿಡಿಯೋ ಜಾಗ ಹತ್ತು ಮೀಟರ್ ಮುಂದಕ್ಕೆ ಹೋಗಿದೆ. ಇನ್ನೂ ಮೂವತ್ತಿದೆ" ಎಂದಳು. ತಟ್ಟೆ ತೆಗೆದುಕೊಂಡು ತನ್ನ ವಿದ್ಯಾರ್ಥಿಗಳು ಕೂತಿದ್ದ ಮೇಜಿನತ್ತ ಹೋದಳು.