ಬಾಗಿಲು ತಟ್ಟಿದವನು

ಅಮೆರಿಕದ ಫುಟ್‌ಬಾಲ್ ತಂಡವೊಂದರ ಆಗಸ್ಟ್ ಆಯ್ಕೆ ಶಿಬಿರದಲ್ಲಿ ಬೆಳಿಗ್ಗೆ ಯಾರಾದರೂ ಬಾಗಿಲು ತಟ್ಟಿದರೆ ಎಂಥ ಗಂಡಾಳಿನ ಎದೆಯೂ ಧಸಕ್ಕೆನ್ನುತ್ತಿತ್ತು. "ಕೋಚ್ ಕರೀತಿದಾರೆ, ಆಟದ ಪುಸ್ತಕ ತಗೊಂಡ್ ಬಾ" ಎಂದರೆ ತಂಡದಿಂದ ಕೈಬಿಟ್ಟರೆಂದೇ ಅರ್ಥ, ಕಥೆ ಮುಗಿಯಿತು. ತಂಡದ ತಂತ್ರಗಳನ್ನೆಲ್ಲ ಬರೆದಿದ್ದ ಆ ಪುಸ್ತಕ ಒಪ್ಪಿಸಿ ಊರಿನ ಬಸ್ಸು ಹತ್ತುವುದೊಂದೇ ಬಾಕಿ.

ಆ ಮಾತನ್ನೇ ಆಟಿಕೆ ಮಾಡಿಕೊಂಡವನು ಕ್ಲೀಟಸ್ ಬ್ರಾಸ್‌ವೆಲ್. ಒಕ್ಲಹೋಮಾದ ಕಾಲೇಜಿನಲ್ಲಿ ಹೇಸರಗತ್ತೆ ಏರಿ ಮೈದಾನಕ್ಕೆ ಬಂದು ಹೆಸರಾದವನು. ವೃತ್ತಿ ತಂಡಕ್ಕೆ ಬಂದ ಮೇಲೆ ಕೆಂಪು ಬೂಟು, ನರಿಯ ತುಪ್ಪಳದ ಕೋಟು, ಚೆಂಡು ಹೊತ್ತು ಗೆರೆ ದಾಟಿದಾಗಲೆಲ್ಲ ಜನರತ್ತ ಸೊಂಟ ಬಗ್ಗಿಸಿ ಒಂದು ವಂದನೆ. ಎಲ್ಲರೂ ಅವನನ್ನು ನವಿಲು ಎನ್ನುತ್ತಿದ್ದರು. ಈ ನವಿಲು ಬೆಳಿಗ್ಗೆ ಎದ್ದು ಹೊಸ ಹುಡುಗರ ಬಾಗಿಲು ತಟ್ಟಿ ಆ ಮಾತು ಹೇಳಿ, ಅವರ ಅಳುಮೋರೆ ನೋಡಿ ಬಿದ್ದು ಬಿದ್ದು ನಗುತ್ತಿತ್ತು.

ಆರ್ಕನ್ಸಾದಿಂದ ಬಂದ ಓರನ್ ಪಿಕೆಟ್ ಎಂಬವನು ಮಾತ್ರ ಅದು ತಮಾಷೆಯೆಂದು ತಿಳಿಯದೆ, ಕೋಚ್‌ಗೆ ಮುಖ ತೋರಿಸಲು ನಾಚಿ, ಪುಸ್ತಕವನ್ನು ಹಾಸಿಗೆಯ ಮೇಲಿಟ್ಟು ಬಸ್ಸು ಹತ್ತಿಬಿಟ್ಟ. "ಕೇಳದೆ ಓಡಿಹೋಗೋನು ನಂಗ್ ಬೇಡ" ಎಂದರು ಕೋಚ್ ಹಾಲ್ಕಂಬ್. ಕ್ಲೀಟಸ್ ಆ ಕಥೆಗೆ ಉಪ್ಪುಖಾರ ಹಚ್ಚಿ ವರ್ಷಗಟ್ಟಲೆ ಹೇಳಿದ.

ಆರು ವರ್ಷದ ಮೇಲೆ ಓರನ್ ಮರಳಿ ಬಂದ, ಆಟಗಾರರ ಬಟ್ಟೆ ಒಗೆಯುವ ಕೆಲಸಕ್ಕೆ. ಯಾರಿಗೂ ಬೇಡವಾದ ಬಾಗಿಲು ತಟ್ಟುವ ಕೆಲಸವನ್ನೂ ಕೋಚ್ ಅವನ ತಲೆಗೇ ಕಟ್ಟಿದರು.

ಆ ವರ್ಷ ಕ್ಲೀಟಸ್‌ನ ಮೊಣಕಾಲು ಊದಿಕೊಂಡಿತ್ತು. ಆದರೂ ಅವನು ತಂಡದಲ್ಲಿ ಉಳಿಯಲೇಬೇಕಿತ್ತು. ತನ್ನ ಹೆಸರು ಯಾರೂ ಕೂಗದ ಬದುಕನ್ನು ನೆನೆದರೆ ಅವನಿಗೆ ಸಾವಿನಷ್ಟೇ ಭಯ.

ಒಂದು ಬೆಳಿಗ್ಗೆ ಅವನ ಬಾಗಿಲನ್ನು ಯಾರೋ ತಟ್ಟಿದರು. ಓರನ್ ನಿಂತಿದ್ದ.

"ಕೋಚ್ ಕರೀತಿದಾರೆ ಸರ್. ಪುಸ್ತಕ ತಗೊಂಡ್ ಬನ್ನಿ."

ಕ್ಲೀಟಸ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಷ್ಟ್ ವರ್ಷ ಕಾದ್ಯೇನೋ ಇದಕ್ಕೆ? ಮುಖ ನೋಡಿದ್ರೆ ನಿಜ ಅನ್ಬೇಕು."

"ನಿಜಾನೇ ಸರ್."

"ಹೋಗೋ, ನಂಗೇ ಟೋಪಿ ಹಾಕ್ತೀಯಾ."

ಓರನ್ ಇನ್ನೊಂದು ಸಲ ಹೇಳಬಹುದಿತ್ತು. ಹೇಳಲಿಲ್ಲ.

ತಿಂಡಿಯ ಹೊತ್ತಿಗೆ ಕ್ಲೀಟಸ್ ಎಲ್ಲರಿಗೂ ಇದನ್ನು ಅಭಿನಯಿಸಿ ತೋರಿಸಿದ. ಕೆಂಪು ಬೂಟು ಹಾಕಿಕೊಂಡು, ತಮಾಷೆಗೆಂದು ಪುಸ್ತಕವನ್ನೂ ಕಂಕುಳಲ್ಲಿ ಸಿಕ್ಕಿಸಿ ಮೈದಾನಕ್ಕಿಳಿದ. ಅಲ್ಲಿ ಕೋಚ್ ಅವನನ್ನು ತಡೆದರು.

"ಓರನ್ ಬಂದು ಹೇಳ್ಲಿಲ್ವಾ?"

"ಬಂದಿದ್ದ. ಒಳ್ಳೇ ನಟ."

"ಅಂಗಿ ಬಿಚ್ಚು. ಮೂವತ್ತೊಂದನೇ ನಂಬರ್ ಇವತ್ತಿಂದ ಬೇರೆಯವನ್ದು."

ಆಗ ಕ್ಲೀಟಸ್‌ಗೆ ಅರ್ಥವಾಯಿತು. ಬಿಚ್ಚಹೋದ ಅಂಗಿ ತಲೆಯಲ್ಲಿ ಸಿಕ್ಕಿಕೊಂಡಿತು. ತಿಂಡಿಯ ಹೊತ್ತಿನ ನಾಟಕವೇ ಮುಂದುವರಿದಿದೆ ಎಂದುಕೊಂಡ ಹುಡುಗರು ಶಿಳ್ಳೆ ಹಾಕಿದರು.

"ಚಡ್ಡೀನೂ ಬಿಚ್ಚೋ ನವಿಲೇ."

ಶಿಳ್ಳೆ ಕೇಳಿದ ಕ್ಲೀಟಸ್‌ನ ಸೊಂಟ ಹಳೆಯ ಅಭ್ಯಾಸಕ್ಕೆ ತಾನಾಗಿ ಬಾಗಿತು. ಮೊಣಕಾಲು ಕೈಕೊಟ್ಟಿತು. ಬರಿಮೈಯಲ್ಲಿ ಹುಲ್ಲಿನ ಮೇಲೆ ಕುಸಿದು ಕೂತವನನ್ನು ನೋಡಿ ಅವರು ಇನ್ನಷ್ಟು ನಕ್ಕರು.

ಓರನ್ ಮುಂದೆ ಬಂದು ಕೈ ಚಾಚಿದ. ಕ್ಲೀಟಸ್ ಎದ್ದೇಳಲು ಆ ಕೈ ಹಿಡಿಯಹೋದ.

"ಪುಸ್ತಕ ಕೊಡಿ ಸರ್" ಎಂದ ಓರನ್.