ಏಳನೆಯ ತೊಲೆಯೊಳಗಿನ ಪಟ್ಟಿಗಳು

೧೮೯೭ರ ಮಾರ್ಚ್ ಎರಡರಂದು ಏಳನೆಯ ತೊಲೆಗೆ ಕಾಂಕ್ರೀಟ್ ತುಂಬಿದರು. ಮೂವತ್ತರಂದು ಅಡಿಯ ಒತ್ತುಗಂಬಗಳನ್ನು ಕಳಚಿದರು. ಏಪ್ರಿಲ್ ಆರರ ಮಂಗಳವಾರ ಭಾರದ ಪರೀಕ್ಷೆ. ಈ ಮೂರು ದಿನಗಳಲ್ಲಿ ಅನ್ಸೆಲ್ಮ್ ಡ್ಯುಕೆನ್ವಾನ ತಲೆ ಕೊರೆಯುತ್ತಿದ್ದುದು ಮೊದಲನೆಯದು. ಅದರಲ್ಲೂ ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗಿನ ಒಂದು ಗಂಟೆ.

ತುರ್ಕ್ವಾನ್ ಪಟ್ಟಣದಲ್ಲಿ ಹೊಸದಾಗಿ ಕಟ್ಟುತ್ತಿದ್ದ ಉಣ್ಣೆ ಗಿರಣಿಯ ಎಂಜಿನಿಯರ್ ಅವನು. ಕಾಂಕ್ರೀಟ್ ಬೀಳುವ ಮುನ್ನ ಒಳಗಿನ ಕಬ್ಬಿಣವನ್ನು ನಕ್ಷೆಗೆ ಹೋಲಿಸಿ ನೋಡುವುದು ಅವನ ಕೆಲಸ. ಅಂದು ಗುತ್ತಿಗೆದಾರರ ಕಡೆಯ ಮೇಸ್ತ್ರಿ ಕಾರ್ನಿಲ್, "ಕಾಲುವೆಗೆ ಮರಳಿನ ದೋಣಿ ಬಂದೈತೆ ಸ್ವಾಮಿ. ಮಣ್ಣು ಬೆರೆತಿದ್ರೆ ಆಮೇಲೆ ನನ್ನ ಬಯ್ಬೇಡಿ, ನೀವೇ ಹೋಗಿ ನೋಡ್ಬಿಡಿ" ಎಂದಿದ್ದ. ಮರಳು ಶುದ್ಧವಾಗಿಯೇ ಇತ್ತು. ಹಿಂತಿರುಗುವಷ್ಟರಲ್ಲಿ ಗಿರಣಿಯ ಅತಿ ಉದ್ದದ ಆ ತೊಲೆ ಮುಚ್ಚಿಹೋಗಿತ್ತು.

ಅದೇ ವಾರ ಉಗ್ರಾಣದ ಹಿಂದೆ ರಾಶಿ ಬಿದ್ದಿದ್ದ, ಉಣ್ಣೆ ಬೇಲುಗಳಿಗೆ, ಅಂದರೆ ಒತ್ತಿ ಕಟ್ಟಿದ ಮೂಟೆಗಳಿಗೆ, ಬಿಗಿದು ಬರುವ ಹಳೆಯ ಕಬ್ಬಿಣದ ಪಟ್ಟಿಗಳು ಅರ್ಧಕ್ಕಿಳಿದಿದ್ದವು. ತೊಲೆಯ ಕಂಬಿಗಳನ್ನು ಅಪ್ಪಿ ಹಿಡಿಯುವ ಪಟ್ಟಿಗಳೂ ಅಷ್ಟೇ ಅಗಲ. ದಪ್ಪ ಮಾತ್ರ ಎರಡರಷ್ಟು. ಹೊಸದನ್ನು ಮಾರಿಕೊಂಡು ಹಳೆಯದನ್ನು ಒಳಗೆ ಹಾಕಿದರೆ ಯಾರ ಕಣ್ಣಿಗೆ ಬೀಳುತ್ತದೆ?

ಆ ತೊಲೆಯ ಅಡಿಯಲ್ಲೇ ಅವನ ತಂಗಿ ಜೆಲಿಯ ನೂಲುವ ಯಂತ್ರ ಬರಲಿತ್ತು. ಮರದ ಹಳೆಯ ಗಿರಣಿ ಉರಿದುಹೋದಾಗ ಅವಳ ಎಡಗೈ ಸುಟ್ಟಿತ್ತು.

"ಮರ ಉರಿಯೋದಾದ್ರೂ ಕಣ್ಣಿಗೆ ಕಾಣುತ್ತೆ ಕಣಣ್ಣ. ಇದರ ಹೊಟ್ಟೇಲಿ ಏನಿದೆಯೋ ಯಾರಿಗ್ಗೊತ್ತು? ನೀನು ನೋಡಿದ್ದೀಯಲ್ಲ, ಅಷ್ಟು ಸಾಕು" ಎಂದಿದ್ದಳು.

ಪರೀಕ್ಷೆಯ ದಿನ ಮೇಲಿನ ಮಹಡಿಯಲ್ಲಿ ಯಂತ್ರಗಳ ಒಂದೂವರೆ ಪಟ್ಟು ತೂಕದ ಮರಳಿನ ಚೀಲಗಳನ್ನು ಒಟ್ಟಿದರು. ಕಾರ್ನಿಲ್ ತೊಲೆಯ ಕೆಳಗೇ ಸ್ಟೂಲು ಹಾಕಿಕೊಂಡು ಬ್ರೆಡ್ಡು ತಿನ್ನುತ್ತ ಕುಳಿತ.

"ಬನ್ನಿ ಸ್ವಾಮಿ, ಇಲ್ಲಿ ಒಳ್ಳೇ ತಂಪೈತೆ. ಸಹಿ ಹಾಕೋ ಚೀಟಿ ಹಿಡ್ಕೊಂಡು ಬಾಗಿಲಲ್ಲೇ ನಿಂತವ್ರೆ ನೋಡ್ರಪ್ಪಾ!"

ತೊಲೆ ಬಾಗಿದ್ದು ಮೂರು ಮಿಲಿಮೀಟರ್, ಎಂಟರವರೆಗೆ ಒಪ್ಪಿಗೆಯಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ತೆಳು ಪಟ್ಟಿಯೂ ಒಂದು ದಿನ ತಡೆದೀತು, ಆದರೆ ವರ್ಷಗಟ್ಟಲೆ ಅದುರುವ ಯಂತ್ರಗಳನ್ನು ತಡೆಯದು ಎಂಬುದು ಅನ್ಸೆಲ್ಮ್‌ನ ಲೆಕ್ಕ. ಕಾರ್ನಿಲ್ ಅಡಿಯಲ್ಲಿ ಕೂತು ತೋರಿಸುವ ಧೈರ್ಯವೂ ಅವನಿಗೆ ನಾಟಕವೆನಿಸಿತು.

"ತೊಲೆಯ ತುದಿಯನ್ನು ಒಡೆದು ನೋಡದೆ ನಾನು ಸಹಿ ಹಾಕುವುದಿಲ್ಲ" ಎಂದ.

ಗಿರಣಿಯ ಮಾಲೀಕರ ಮುಖ ಗಂಟಾಯಿತು. "ಒಡೀರಿ. ಕಬ್ಬಿಣ ಕಡಿಮೆ ಇಲ್ದಿದ್ರೆ ನಾಳೆಯಿಂದ ನೀವು ಬರೋದು ಬೇಡ."

ಕಾರ್ನಿಲ್ ಎದ್ದು ಅವನ ಬಳಿ ಬಂದು ತಗ್ಗಿದ ದನಿಯಲ್ಲಿ, "ಅದೊಂದು ಬೇಡ ಸ್ವಾಮಿ. ಬೇಕಾದ್ರೆ ಆರನೇದು ಒಡೀರಿ" ಎಂದ.

ಅನುಮಾನಕ್ಕೆ ಇನ್ನೇನು ಬೇಕಿತ್ತು! ಅನ್ಸೆಲ್ಮ್ ತಾನೇ ಉಳಿ ಹಿಡಿದ.

ಮೊದಲು ಕಂಡ ಪಟ್ಟಿ ಎರಡು ಮಿಲಿಮೀಟರ್ ದಪ್ಪ, ಸರಿಯಾಗಿತ್ತು. ಅದರ ಪಕ್ಕದ್ದು ಒಂದೇ ಮಿಲಿಮೀಟರ್. ಬೇಲಿನ ರಿವೆಟ್ ತೂತು, ಪಟ್ಟಿಗೆ ಬಳಿದ ಡಾಂಬರಿಗೆ ಅಂಟಿದ ಉಣ್ಣೆಯ ಎಳೆ.

"ಸಿಕ್ಕಿಬಿದ್ರಲ್ಲ ಮೇಸ್ತ್ರಿ!" ಎಂದ ಅನ್ಸೆಲ್ಮ್.

"ಇನ್ನೂ ಒಡೀರಿ" ಎಂದ ಕಾರ್ನಿಲ್, ನೆಲ ನೋಡುತ್ತ.

ಮೂರನೆಯದು ಹೊಸದು. ನಾಲ್ಕನೆಯದು ಹಳೆಯದು. ಅನ್ಸೆಲ್ಮ್‌ನ ಸುತ್ತಿಗೆ ನಿಧಾನವಾಯಿತು.

"ನಕ್ಷೆ ಮಾಡಿದ ಪ್ಯಾರಿಸ್‌ನೋರು ಕಾಗದದ ಮೇಲೆ ಬರೆದಷ್ಟು ಪಟ್ಟಿ ಇಷ್ಟುದ್ದದ ತೊಲೆಗೆ ಸಾಲ್ತದೆ ಅಂತ ನಂಗೆ ನಂಬ್ಕೆ ಬರ್ಲಿಲ್ಲ. ನಡುನಡುವೆ ಹಳೇದೂ ಸೇರಿಸ್ದೆ. ನಕ್ಷೆ ಮೀರಿದ್ರೆ ನಮ್ಮ ಆಫೀಸು ನನ್ನನ್ನ ಕೆಲ್ಸದಿಂದ ತೆಗೀತದೆ. ಅದ್ಕೇ ನಿಮ್ಮನ್ನ ಮರಳಿನ ಹತ್ರ ಕಳಿಸ್ದೆ. ಈಗೇನ್ ಬರೀತೀರಿ, ಬರ್ಕೊಳ್ಳಿ."

ಇಬ್ಬರ ಕೆಲಸವೂ ಹೋಗುವಂಥ ಮಾತದು. ಅನ್ಸೆಲ್ಮ್ ಅರ್ಧ ಮೀಟರಿನವರೆಗೂ ಒಡೆದು ಮತ್ತೊಮ್ಮೆ ಎಣಿಸಿದ, ಮತ್ತೊಮ್ಮೆ ಅಳೆದ. ಆಮೇಲೆ ಮಾಲೀಕರೆದುರೇ ಬರೆದು ಸಹಿ ಹಾಕಿದ:

ಏಳನೆಯ ತೊಲೆ, ಉತ್ತರದ ತುದಿ, ಅರ್ಧ ಮೀಟರ್. ನಕ್ಷೆಯಲ್ಲಿರುವ ಪಟ್ಟಿ ಮೂರು. ಒಳಗೆ ಸಿಕ್ಕ ಪಟ್ಟಿ ಆರು: ನಕ್ಷೆಯವು ಮೂರು, ಬೇಲಿನವು ಮೂರು. ಕಡಿಮೆಯಾದದ್ದು ಒಂದೂ ಇಲ್ಲ.